ಸರ್ಟಿಫಿಕೇಟ್ ಸೇರಲೇ ಎಂದು ಕೇಳಿದ ತಂಗಿಗೆ

ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಮದುವೆಯಾಗಿ, ಇಲ್ಲಿ ಕೆಲಸಕ್ಕೆ ಬಂದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಬಂದು ಆರು ತಿಂಗಳಾಯಿತು ಎಂದು ಬರೆದಿದ್ದೀರಿ. 'ಅಕ್ಕಾ, ಇಂಟರ್‌ನ್ಯಾಷನಲ್ ಸ್ಟಡೀಸ್‌ನಲ್ಲಿ ಗ್ರಾಜುಯೇಟ್ ಸರ್ಟಿಫಿಕೇಟ್ (ಪದವಿಯ ನಂತರದ ಚಿಕ್ಕ ಕೋರ್ಸ್) ಮಾಡಿದರೆ ಕೆಲಸ ಸಿಗುತ್ತಾ?' ಎಂದು ಕೇಳಿದ್ದೀರಿ. ನಾನೂ ಹೀಗೇ ಬಂದವಳು, ಅದನ್ನೇ ಓದಿದವಳು. ಬಿಚ್ಚಿ ಹೇಳುತ್ತೇನೆ.

ಅದೊಂದನ್ನೇ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ, ದುಡಿಯಲು ಇಎಡಿ, ಅಂದರೆ ಕೆಲಸದ ಪರವಾನಗಿ ಬೇಕು. ಅದಕ್ಕೆ ಸಾಮಾನ್ಯವಾಗಿ ನಿಮ್ಮ ಯಜಮಾನರ ಐ-140, ಅಂದರೆ ಅವರ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು. ಅಮೆರಿಕದ ರಾಯಭಾರ ಕಚೇರಿಗಳಲ್ಲಿ ರಾಜತಾಂತ್ರಿಕ ಅಧಿಕಾರಿಯಾಗಲು ಇಲ್ಲಿನ ಪೌರತ್ವವೇ ಬೇಕು. ವಿದೇಶಿ ಭಾಷೆ ಕಲಿಯುವವರಿಗೆ ಇಲ್ಲಿನ ಸರ್ಕಾರ ಕೊಡುತ್ತಿದ್ದ ಫ್ಲಾಸ್ ಫೆಲೋಶಿಪ್ ಕೂಡ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಇತ್ತು. ಇದು ಗೊತ್ತಿಲ್ಲದೆ ಸಾವಿರಾರು ಡಾಲರ್ ಕಟ್ಟಿ ಆಮೇಲೆ ಅತ್ತವರನ್ನು ನೋಡಿದ್ದೇನೆ.

ಹಾಗಂತ ಬೇಡ ಅನ್ನುತ್ತಿಲ್ಲ. ಸೇರಿ.

ನನ್ನ ಎರಡನೇ ವಾರದ ಕ್ಲಾಸಿನಲ್ಲಿ ಪಿಎಲ್-480 ಪಾಠ ಇತ್ತು. 1954ರ ಕಾನೂನು ಅದು. ಅಮೆರಿಕ ತನ್ನಲ್ಲಿ ಮಿಕ್ಕಿದ ಗೋಧಿಯನ್ನು ನಮಗೆ ಮಾರಿ, ಡಾಲರ್ ಬದಲು ರೂಪಾಯಿಯನ್ನೇ ತೆಗೆದುಕೊಳ್ಳುತ್ತಿತ್ತು. ಪಕ್ಕದವರಿಗೆಲ್ಲ ಅದು ಬರೀ ಅಂಕಿಅಂಶ. ನನಗೆ ಹಾಸನದ ಅಜ್ಜಿ ನೆನಪಾದರು. ರೇಷನ್ ಅಂಗಡಿಯಿಂದ ಕೆಂಪು ಗೋಧಿ ತಂದು, ಮೊರದಲ್ಲಿ ಕೇರುತ್ತಿದ್ದ ಕಾಲ ನೆನೆದು, 'ರಾಗಿ ತಿನ್ನೋ ನಮಗೆ ಇದರಲ್ಲಿ ಏನು ಮಾಡಬೇಕು ಅಂತಾನೇ ತಿಳೀತಿರಲಿಲ್ಲ ಕಣೆ' ಅನ್ನುತ್ತಿದ್ದರು. ಕೈಯೆತ್ತಿ ಅದನ್ನೇ ಹೇಳಿದೆ. ಕ್ಲಾಸ್ ಮುಗಿದ ಮೇಲೆ ಪ್ರೊಫೆಸರ್ ನನ್ನನ್ನು ಲೈಬ್ರರಿಯ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಸಾಲು ಸಾಲು ಕನ್ನಡ ಪುಸ್ತಕ! ಮೈಸೂರು, ಧಾರವಾಡದಲ್ಲಿ ಅಚ್ಚಾದವು. ಒಂದನ್ನು ತೆರೆದೆ. ಹಾಳೆ ಹಳದಿಯಾಗಿತ್ತು, ಬೆಲೆ ಎರಡು ರೂಪಾಯಿ ಎಂದಿತ್ತು. ಆ ಗೋಧಿಯಿಂದ ಬಂದ ರೂಪಾಯಿಯಲ್ಲೇ 1962ರಿಂದ ಭಾರತದ ಪುಸ್ತಕಗಳನ್ನು ಕೊಂಡು ಇಲ್ಲಿನ ಲೈಬ್ರರಿಗಳಿಗೆ ಕಳಿಸುತ್ತಿದ್ದರು ಎಂದು ಅವರು ಹೇಳಿದರು. ಅಜ್ಜಿ ರೇಷನ್ ಅಂಗಡಿಯಲ್ಲಿ ಕೊಟ್ಟ ಪುಡಿಗಾಸು ಎಲ್ಲಿಗೆ ಬಂದು ಕೂತಿದೆ ಅಲ್ವಾ! ಪುಸ್ತಕ ಹಿಡಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ಟರ್ಮಿನ ಪ್ರಬಂಧ ಅದರ ಬಗ್ಗೆಯೇ ಬರೆದೆ. ಅದನ್ನು ತೋರಿಸಿಯೇ ಮುಂದೆ ಮಾಸ್ಟರ್ಸ್‌ಗೆ ಸೀಟು ಸಿಕ್ಕಿತು. ಇಎಡಿ ಬಂದ ಮೇಲೆ, ನಿರಾಶ್ರಿತರಿಗೆ ನೆರವಾಗುವ ಒಂದು ಸಂಸ್ಥೆ ಸೇರಿದೆ. ನೀವು ಪಾಠ ಮಾಡಿದವರು. ಇಂಥದ್ದನ್ನು ನನಗಿಂತ ಬೇಗ ಹಿಡಿಯುತ್ತೀರಿ.

ಇನ್ನು ಲೆಕ್ಕಾಚಾರ. ಸಾಮಾನ್ಯವಾಗಿ 12ರಿಂದ 18 ಕ್ರೆಡಿಟ್, ಅಂದರೆ ನಾಲ್ಕರಿಂದ ಆರು ಕೋರ್ಸು. ಎಫ್-1 ವಿದ್ಯಾರ್ಥಿಗಳ ಹಾಗೆ ಫುಲ್ ಟೈಮ್ ಓದಲೇಬೇಕೆಂಬ ಕಟ್ಟು ನಿಮಗಿಲ್ಲ. ಟರ್ಮಿಗೆ ಒಂದೇ ಕೋರ್ಸ್ ತೆಗೆದುಕೊಳ್ಳಬಹುದಾ ಎಂದು ವಿಭಾಗಕ್ಕೆ ಬರೆದು ಕೇಳಿ. ಕೆಲವು ರಾಜ್ಯಗಳಲ್ಲಿ ಒಂದು ವರ್ಷ ನೆಲೆಸಿದ ಮೇಲೆ ಎಚ್-4ನವರಿಗೂ ಸ್ಥಳೀಯರ ಫೀಸೇ. ಫೀಸು ಅರ್ಧಕ್ಕಿಂತ ಕಡಿಮೆಯಾಗುವುದೂ ಉಂಟು, ಆರು ತಿಂಗಳು ಕಾದರೆ ನಷ್ಟವಿಲ್ಲ. ಎಲ್ಲಕ್ಕಿಂತ ಮುಖ್ಯ, ಈ ಕ್ರೆಡಿಟ್‌ಗಳನ್ನು ಮುಂದೆ ಮಾಸ್ಟರ್ಸ್‌ಗೆ ಸೇರಿಸಿಕೊಳ್ಳುತ್ತಾರಾ ಕೇಳಿ. ಇಲ್ಲ ಅಂದರೆ ಬೇರೆ ಕಡೆ ನೋಡಿ.

ನಿಮ್ಮ ಎಂ.ಎ. ಅಂಕಗಳ ಅಧಿಕೃತ ದಾಖಲೆಗೆ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ಗೆ, ಊರಿನ ವಿಶ್ವವಿದ್ಯಾಲಯದಲ್ಲಿ ಈ ವಾರವೇ ಅರ್ಜಿ ಹಾಕಿಸಿ. ನನ್ನದು ಸೀಲ್ ಮಾಡಿದ ಕವರಿನಲ್ಲಿ ಇಲ್ಲಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಅಪ್ಪ ಮೂರು ಸಲ ಕಚೇರಿಗೆ ಅಲೆದರು. ಕೋರ್ಸ್‌ಗಳ ಪಟ್ಟಿ ಸಿಕ್ಕಿದ ಕೂಡಲೇ ಕಳಿಸಿ, ಇಬ್ಬರೂ ಕೂತು ನೋಡೋಣ.