ಗ್ರಾಹಕರು ‘ಸಪ್ಪೆ’ ಎಂದಾಗ

ಪ್ರಶ್ನೆ: ಮಾನ್ಯರೇ, ಸಾಗರದಲ್ಲಿದ್ದುಕೊಂಡು ಎರಡು ವರ್ಷಗಳಿಂದ ಈ ಭಾಗದ ವ್ಯಾಪಾರಿಗಳಿಗೆ ಜಾಹೀರಾತು ಬರೆದುಕೊಡುತ್ತಿದ್ದೇನೆ. ಕಳೆದ ವಾರ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುವ ಒಂದು ಮನೆಯವರಿಗೆ ಕರಪತ್ರ ಬರೆದುಕೊಟ್ಟೆ. ‘ಅಜ್ಜಿಯ ಕೈರುಚಿ, ಮಲೆನಾಡಿನ ಘಮಲು’ ಎಂಬುದು ಅದರ ಮೊದಲ ಸಾಲು. ಯಜಮಾನರು ಅದನ್ನು ಓದಿ, ‘ಎಂತದೂ ಇಲ್ಲ ಇದ್ರಲ್ಲಿ, ಸಪ್ಪೆ’ ಎಂದು ವಾಟ್ಸಾಪ್‌ನಲ್ಲಿ ಬರೆದರು. ಮಾರನೆಯ ದಿನ, ‘ಸಕ್ಕರೆ ಕಾಯಿಲೆ ಗುಣ ಆಗ್ತದೆ ಅಂತ ಸೇರಿಸಿ’ ಎಂದರು. ನಾಲ್ಕು ದಿನಗಳಾದರೂ ನಾನು ಉತ್ತರಿಸಿಲ್ಲ. ಮುಂಗಡ ಹಿಂದಿರುಗಿಸಿ ಕೈತೊಳೆದುಕೊಳ್ಳಲೇ, ಹೇಳಿದಂತೆ ಬರೆದುಕೊಡಲೇ? ಈ ಕೆಲಸ ನನಗೆ ಒಗ್ಗುವುದಿಲ್ಲವೇನೋ ಎಂಬ ಸಂಶಯವೂ ಕಾಡುತ್ತಿದೆ.
– ಓದುಗರೊಬ್ಬರು, ಸಾಗರ

ಉತ್ತರ: ಮೊದಲು ಆ ನಾಲ್ಕು ದಿನಗಳ ಮೌನವನ್ನು ಮುರಿಯಿರಿ. ಬರೆದದ್ದು ಹಿಡಿಸಲಿಲ್ಲ ಎನ್ನುವ ಗ್ರಾಹಕರಿಗಿಂತ ಉತ್ತರ ಬಾರದೆ ಕಾದು ಕುಳಿತ ಗ್ರಾಹಕರನ್ನು ಸಮಾಧಾನಪಡಿಸುವುದು ಕಷ್ಟ. ‘ಓದಿ ಹೇಳಿದ್ದಕ್ಕೆ ಸಂತೋಷ, ಉತ್ತರ ತಡವಾಯಿತು. ಯಾವ ಸಾಲಿನಲ್ಲಿ ಸಪ್ಪೆ ಎನಿಸಿತೆಂದು ಕೇಳಿ ತಿಳಿಯಲು ನಾಳೆ ಮನೆಗೆ ಬರಲೇ?’ ಎಂದಷ್ಟೇ ಬರೆಯಿರಿ. ಸಮರ್ಥನೆಯೂ ಬೇಡ, ಉದ್ದದ ಕ್ಷಮಾಪಣೆಯೂ ಬೇಡ.

‘ಸಪ್ಪೆ’ ಎಂಬ ಮಾತು ನಿಮ್ಮನ್ನು ನೋಯಿಸಿದೆ ಎಂಬುದು ಪತ್ರದಲ್ಲಿ ಕಾಣುತ್ತದೆ. ಆದರೆ ಅವರು ತೀರ್ಪು ಕೊಟ್ಟದ್ದು ನಿಮ್ಮ ಬಗ್ಗೆ ಅಲ್ಲ, ಆ ಸಾಲಿನ ಬಗ್ಗೆ. ಮತ್ತು ನನ್ನ ಅಭಿಪ್ರಾಯದಲ್ಲಿ ಆ ತೀರ್ಪು ಸರಿಯಾಗಿದೆ. ‘ಅಜ್ಜಿಯ ಕೈರುಚಿ’ ಎಂಬುದನ್ನು ಹಪ್ಪಳದ ಮೇಲೂ ಸಾರಿನ ಪುಡಿಯ ಮೇಲೂ ಅಂಟಿಸಬಹುದು. ಅಪ್ಪೆಮಿಡಿಗೆ ಮಾತ್ರ ಸಲ್ಲುವ ಸಂಗತಿಗಳು ಆ ಯಜಮಾನರಿಗೆ ಗೊತ್ತಿವೆ: ಗೊರಟು ಬಲಿಯುವ ಮೊದಲೇ ಮಿಡಿಯನ್ನು ಕೊಯ್ಯಬೇಕು, ತೊಟ್ಟು ಉಳಿಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯನ್ನೇ ಕೆಡಿಸುತ್ತದೆ, ಸೊನೆಯ ಪರಿಮಳವೇ ಅದರ ಜೀವ, ಜೀರಿಗೆಯ ವಾಸನೆಯ ಮಿಡಿಗೆ ಬೇರೆಯೇ ಬೆಲೆ. ಇದನ್ನೆಲ್ಲ ವರ್ಷವರ್ಷವೂ ಕೈಯಾರೆ ಮಾಡುವವರಿಗೆ ತಮ್ಮ ಕರಪತ್ರದಲ್ಲಿ ಇದರ ಸುಳಿವೇ ಕಾಣದಿದ್ದರೆ, ಕೊರತೆ ಏನೆಂದು ಬಿಡಿಸಿ ಹೇಳಲು ಬಾರದೆ ‘ಎಂತದೂ ಇಲ್ಲ’ ಎನ್ನುತ್ತಾರೆ. ಆ ಅಸಮಾಧಾನದ ಒಳಗಿರುವ ಮಾಹಿತಿಯನ್ನು ಹೊರತೆಗೆಯುವುದು ನಮ್ಮ ಕೆಲಸದ ಅರ್ಧಭಾಗ.

ನನಗೆ ಇದು ಅರ್ಥವಾದದ್ದು ತಡವಾಗಿ. ಹಲವು ವರ್ಷಗಳ ಹಿಂದೆ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಜಾಹೀರಾತು ಬರೆಯುವಾಗ, ಸಮೃದ್ಧಿಯನ್ನು ಸೂಚಿಸಲೆಂದು ‘ರಾಶಿ ಅಡಿಕೆಗೆ ನಂಬಿಕೆಯ ಮಂಡಿ’ ಎಂದು ಬರೆದೆ. ಮಂಡಿಯವರು ಫೋನ್ ಮಾಡಿ, ‘ನಿಮಗೆ ಅಡಿಕೆಯೇ ಗೊತ್ತಿಲ್ಲ’ ಎಂದು ಗದರಿದರು. ಇಡೀ ದಿನ ಕುದಿದೆ. ಸಂಜೆ ಮಂಡಿಗೆ ಹೋಗಿ ನಿಂತಾಗ ತಿಳಿಯಿತು: ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬವು ಅಡಿಕೆಯ ಬೇರೆಬೇರೆ ದರ್ಜೆಗಳು, ನನ್ನ ಸಾಲನ್ನು ಓದಿದ ಬೆಳೆಗಾರರು ಎಲ್ಲಕ್ಕಿಂತ ಹೆಚ್ಚು ಬೆಲೆಯ ‘ಸರಕು’ ದರ್ಜೆಯನ್ನು ಈ ಮಂಡಿಯವರು ಕೊಳ್ಳುವುದಿಲ್ಲ ಎಂದೇ ತಿಳಿಯುತ್ತಿದ್ದರು. ಬೈಗುಳವೆಂದು ನಾನು ಭಾವಿಸಿದ್ದು ಕರಾರುವಾಕ್ಕಾದ ತಿದ್ದುಪಡಿಯಾಗಿತ್ತು. ತಾವು ಮಾರುವ ವಸ್ತುವಿನ ವಿಷಯದಲ್ಲಿ ಗ್ರಾಹಕರು ತಪ್ಪು ತೋರಿಸಿದರೆ ವಾದಿಸದೆ ಒಪ್ಪಿಕೊಳ್ಳಬೇಕೆಂಬುದನ್ನು ಅಂದಿನಿಂದ ಬಿಟ್ಟಿಲ್ಲ.

ಹಾಗೆಂದು ಅವರು ಸೂಚಿಸುವ ಪರಿಹಾರವನ್ನೆಲ್ಲ ಒಪ್ಪಬೇಕಾಗಿಲ್ಲ. ಓದುಗರು ಎಲ್ಲಿ ಎಡವುತ್ತಾರೆ ಎಂಬುದು ಅವರಿಗೆ ಕಾಣದೇ ಇರಬಹುದು; ಅದನ್ನು ಕಾಣಬೇಕಾದವರು ನೀವು. ಸಕ್ಕರೆ ಕಾಯಿಲೆಯ ಮಾತನ್ನಂತೂ ಯಾವ ಕಾರಣಕ್ಕೂ ಬರೆಯಬೇಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಮಧುಮೇಹವನ್ನು ಹೆಸರಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಇದನ್ನು ಹೇಳುವಾಗ ಬೆದರಿಸುವ ದನಿ ಬೇಡ. ‘ನಿಮ್ಮ ಮನೆಯ ಹೆಸರಿಗೆ ತೊಂದರೆಯಾಗಬಾರದೆಂದು ಹೇಳುತ್ತಿದ್ದೇನೆ’ ಎಂದರೆ ಸಾಕು, ಏಕೆಂದರೆ ಅದು ನಿಜವೂ ಹೌದು. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ: ಉಪ್ಪು ತುಂಬಿದ ಉಪ್ಪಿನಕಾಯಿಯನ್ನು ಮದ್ದೆಂದು ನಂಬಿ ತಿನ್ನುವ ರೋಗಿಯೊಬ್ಬರು ಆ ಕರಪತ್ರದ ಆಚೆ ಇರುತ್ತಾರೆ. ಇಷ್ಟಾದರೂ ಯಜಮಾನರು ಹಟ ಹಿಡಿದರೆ, ಮಾಡಿದ ಕೆಲಸದ ಹಣವನ್ನು ಲೆಕ್ಕಹಾಕಿ ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಿ, ಗೌರವದಿಂದ ಹೊರಬನ್ನಿ. ಅಲ್ಲಿಯವರೆಗೆ ಮುಂಗಡದ ಮಾತೆತ್ತಬೇಡಿ. ಮೊದಲ ಕರಡು ಹಿಡಿಸದೆ ಹೋಗುವುದು ಈ ಕೆಲಸದಲ್ಲಿ ದಿನನಿತ್ಯದ ಸಂಗತಿ. ಆದ್ದರಿಂದ ಎರಡು ಸಲದ ತಿದ್ದುಪಡಿ ಶುಲ್ಕದಲ್ಲಿ ಸೇರಿದೆ, ಮೂರನೆಯದಕ್ಕೆ ಇಷ್ಟು ಎಂಬುದನ್ನು ಇನ್ನು ಮುಂದೆ ಮುಂಗಡ ಪಡೆಯುವಾಗಲೇ ಬರೆದುಕೊಡಿ. ನಮ್ಮ ಊರುಗಳಲ್ಲಿ ಪರಿಚಯದವರ ನಡುವೆ ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಬರೆಯದೆ ಇದ್ದಾಗ ಕೆಡುವುದು ಆ ಪರಿಚಯವೇ.

ಇನ್ನು ಭೇಟಿಯ ವಿಷಯ. ಕರಡನ್ನು ಅವರ ಕೈಗೆ ಕೊಟ್ಟು ಅಭಿಪ್ರಾಯ ಕೇಳಬೇಡಿ. ನೀವೇ ಗಟ್ಟಿಯಾಗಿ ಓದುತ್ತಾ ಅವರ ಮುಖ ನೋಡಿ. ಅವರು ಅಡ್ಡಬಂದು ಮಾತು ಶುರುಮಾಡಿದಲ್ಲಿ ಓದು ನಿಲ್ಲಿಸಿ, ಅವರು ಹೇಳಿದ್ದನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ‘ನಮ್ಮ ಮಿಡಿ ನೆಲಕ್ಕೆ ಬೀಳಕ್ಕೆ ಬಿಡೋದಿಲ್ಲ’ ಎಂದು ಅವರೇನಾದರೂ ಅಂದರೆ, ‘ತೊಟ್ಟು ಮುರಿಯದ ಮಿಡಿ, ಮರದಿಂದ ಕೈಗೆ, ಕೈಯಿಂದ ಉಪ್ಪಿಗೆ, ನೆಲ ಸೋಕಿಲ್ಲ’ ಎಂಬ ಮೊದಲ ಸಾಲು ಅಲ್ಲಿಯೇ ಹುಟ್ಟುತ್ತದೆ. ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆಯನ್ನು ಎರಡನೆಯ ಕರಡು ಮುಗಿಯುವವರೆಗೆ ಬದಿಗಿಡಿ. ಹೊರಡುವ ಮೊದಲು ಉಪ್ಪಿಗೆ ಹಾಕಿಟ್ಟ ಭರಣಿಯ ಮುಚ್ಚಳ ತೆಗೆದು ತೋರಿಸುವಂತೆ ಯಜಮಾನರನ್ನು ಕೇಳಿ, ಆ ಪರಿಮಳವನ್ನು ಅವರು ಯಾವ ಪದದಿಂದ ಕರೆಯುತ್ತಾರೆಂದು ಗಮನವಿಟ್ಟು ಕೇಳಿಸಿಕೊಳ್ಳಿ.