ಆಮೆಮರಿಗೆ ಗಾಜಿನ ತೊಟ್ಟಿ ಸಾಕಾ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಗಳು ಹಟ ಮಾಡಿದಳು ಅಂತ ಹರ್ಮನ್ ಜಾತಿಯ (ನೆಲದ ಮೇಲೆ ಬದುಕುವ ಆಮೆ) ಆಮೆಮರಿ ತಂದಿದ್ದೇವೆ. ಮೀನಿನ ತೊಟ್ಟಿಯೊಳಗೆ ಬಿಟ್ಟು ಕಿಟಕಿ ಪಕ್ಕ ಇಟ್ಟರೆ ಸಾಕಲ್ವಾ?

ಉತ್ತರ: ಸಾಲದು, ದಯವಿಟ್ಟು ಬೇಗ ಬದಲಾಯಿಸಿ. ಗಾಜೂ ಗೋಡೆಯೇ ಅಂತ ಮರಿಗೆ ತಿಳಿಯುವುದಿಲ್ಲ, ದಾಟಿ ಹೋಗಲು ದಿನವಿಡೀ ಸುಮ್ನೆ ಕೆರೆಯುತ್ತಾ ಇರುತ್ತದೆ. ಕಿಟಕಿ ಬಿಸಿಲೂ ಸಾಕಾಗದು. ಚಿಪ್ಪು ಗಟ್ಟಿಯಾಗಲು ಬೇಕಾದ ಯುವಿಬಿ ಕಿರಣವನ್ನು (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಗಾಜು ತಡೆಯುತ್ತದೆ. ಅಗಲವಾದ ಮರದ ಪೆಟ್ಟಿಗೆ ತಗೊಳ್ಳಿ, ಒಂದು ತುದಿಗೆ ಬಿಸಿ ಬಲ್ಬ್ ಹಾಕಿ ಅದರ ಕೆಳಗೆ 32ರಿಂದ 35 ಡಿಗ್ರಿ ಇರುವಂತೆ ನೋಡಿಕೊಳ್ಳಿ, ಇನ್ನೊಂದು ತುದಿ 22ರ ಆಸುಪಾಸು ತಂಪಾಗಿರಲಿ, ಯುವಿಬಿ ಟ್ಯೂಬ್ ದಿನಕ್ಕೆ 12 ಗಂಟೆ ಉರಿಯಲಿ. ಅವಿತುಕೊಳ್ಳಲು ಒಂದು ಗೂಡು ಬೇಕೇ ಬೇಕು.

ತಳದ ಮಣ್ಣಿನ ಬಗ್ಗೆ ಜಾಸ್ತಿ ಗಮನ ಕೊಡಿ. ಗೊಬ್ಬರ ಸೇರದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ನೀರು ಚಿಮುಕಿಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಸೋರಬಾರದು. ಒಣ ಜಾಗದಲ್ಲಿ ಬೆಳೆದ ಮರಿಯ ಚಿಪ್ಪು ಉಬ್ಬುಬ್ಬಾಗಿ ಏಳುತ್ತದೆ, ಆಮೇಲೆ ಸರಿಹೋಗುವುದಿಲ್ಲ. ದಿನಾ 15 ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಬಿಡಿ, ಗದ್ದ ಮುಳುಗದಷ್ಟು ನೀರು ಸಾಕು.

ಇದನ್ನು ಓದಿ ಕರ್ನಾಟಕದಲ್ಲಿ ಯಾರೂ ನಕ್ಷತ್ರ ಆಮೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.