ಹಳೆಯ ಚಿಕ್ಕ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜಾರುತ್ತಿದೆ. ಆಯಿಲ್ ಹಾಕಿದರೆ ಸಾಕಾ, ಬಾಕ್ಸನ್ನೇ ಬದಲಿಸಬೇಕಾ?

ಮೊದಲು ಗೇರ್‌ಬಾಕ್ಸಿನ ಆಯಿಲ್ ನೋಡಿ. ಮಟ್ಟ ಇಳಿದಿದ್ದರೆ ಸೋರಿಕೆ ನಿಲ್ಲಿಸಿ ತುಂಬಿದರೆ ಸರಿಹೋಗಬಹುದು. ಆದರೆ ಆಯಿಲ್ ಕಪ್ಪಾಗಿ, ಸುಟ್ಟ ವಾಸನೆ ಬರುತ್ತಿದ್ದರೆ ಬಾಕ್ಸ್ ಇಳಿಸಲೇಬೇಕು.

ಮಾಮೂಲಿ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಬಲವನ್ನು ಚಕ್ರದ ಕಡೆಗೆ ದಾಟಿಸುವ ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯುವುದೇ ಆಯಿಲ್ ಒತ್ತಡ. ಅದು ಕಮ್ಮಿಯಾದರೆ ಪ್ಲೇಟುಗಳು ಜಾರುತ್ತವೆ. ಎಂಜಿನ್ ಕಿರುಚುತ್ತದೆ, ಕಾರು ಮಾತ್ರ ತೆವಳುತ್ತದೆ. ಜಾರಿದಷ್ಟೂ ಬಿಸಿ ಜಾಸ್ತಿ. ಆ ಬಿಸಿಗೆ ಪ್ಲೇಟಿನ ಮೇಲಿನ ಪದರ ಸುಟ್ಟು, ಪುಡಿಯಾಗಿ ಆಯಿಲಿಗೆ ಸೇರುತ್ತದೆ. ಸವೆದುಹೋದ ಪದರವನ್ನು ಹೊಸ ಆಯಿಲ್ ವಾಪಸ್ ತರುವುದಿಲ್ಲ ಅಲ್ವಾ?

ಬದಲಿಸುವಾಗ ಎಷ್ಟೋ ಮಂದಿ ಒಂದು ವಿಷಯ ಮರೆಯುತ್ತಾರೆ. ಆ ಪುಡಿ ಆಯಿಲ್ ಕೂಲರ್‌ನಲ್ಲೂ ಅದರ ಪೈಪುಗಳಲ್ಲೂ ಕೂತಿರುತ್ತದೆ. ತೊಳೆಯದೆ ಬೇರೆ ಬಾಕ್ಸ್ ಕೂರಿಸಿದರೆ ಅದೇ ಕೊಳೆ ಅದರೊಳಕ್ಕೂ ಹೋಗುತ್ತದೆ. ಕೂಲರ್ ತೊಳೆಸಿ, ಇಲ್ಲವೇ ಹೊಸದು ಹಾಕಿಸಿ.

ಗುಜರಿ ಕಾರಿನಿಂದ ಬಿಚ್ಚಿದ ಬಾಕ್ಸ್ ಅಗ್ಗ, ಆದರೆ ಅದು ಹೇಗೆ ದುಡಿದಿದೆಯೋ ಯಾರಿಗೆ ಗೊತ್ತು! ಸವೆದ ಭಾಗಗಳ ಜಾಗಕ್ಕೆ ಹೊಸದು ಹಾಕಿ ಜೋಡಿಸಿದ ಬಾಕ್ಸೇ ವಾಸಿ. ಎಂಜಿನ್ನೂ ಸುಸ್ತಾಗಿ ಬಾಡಿಗೂ ತುಕ್ಕು ಹಿಡಿದಿದ್ದರೆ, ಸುಮ್ನೆ ದುಡ್ಡು ಸುರಿಯಬೇಡಿ.